ಟೈಲ್ಸ್ ಮೇಲೆ ಮಣ್ಣು ಮುಚ್ಚುವ ನಾಯಿ

ಪುಣೆಯ ನಮ್ಮ ಸೊಸೈಟಿಯಲ್ಲಿ ನಾಯಿ ಸಾಕಿದವರು ಜಾಸ್ತಿ. ನಾಯಿ ಬಗ್ಗೆ ತೀರ್ಪು ಕೊಡುವವರು ಅದಕ್ಕಿಂತ ಜಾಸ್ತಿ. ತುಳಸಿ ಕುಂಡದಲ್ಲಿ ನಾಯಿ ಚಪಾತಿ ಹೂತಿಟ್ಟರೆ ಮನೆಗೆ ಕೇಡು ಅಂತ ಒಬ್ಬರು. ಮುಂದೆ ಕಷ್ಟಕಾಲ ಬರುವುದು ಅದಕ್ಕೆ ಗೊತ್ತಾಗಿದೆ, ಅದಕ್ಕೇ ಕೂಡಿಡುತ್ತಿದೆ ಅಂತ ಇನ್ನೊಬ್ಬರು. ಪಕ್ಕದ ಮನೆಯ ಹುಬ್ಬಳ್ಳಿ ಅಜ್ಜಿ ಮಾತ್ರ "ಹೊಟ್ಟಿ ತುಂಬೇತಿ, ಅದಕ್ಕ ಮುಚ್ಚಿಡಾಕತ್ತೇತಿ" ಎಂದು ಸುಮ್ಮನಾದರು. ಮೂವರಲ್ಲಿ ವಿಜ್ಞಾನಕ್ಕೆ ಹತ್ತಿರ ಇರುವವರು ಅಜ್ಜಿಯೇ.

ಆ ಅಜ್ಜಿ ಮನೆಯ ನಾಯಿ ರಾಜಾ. ಊಟ ಆದಮೇಲೆ ಅದಕ್ಕೊಂದು ಬಿಸ್ಕತ್ತು ಕೊಟ್ಟು ನೋಡಬೇಕು. ಅಗಿಯುವುದಿಲ್ಲ. ಮುಂದಿನ ಹಲ್ಲಲ್ಲಿ ಹಗುರವಾಗಿ ಹಿಡಿದುಕೊಂಡು ಹಾಲ್ ತುಂಬ ಓಡಾಡುತ್ತದೆ. ಒಂದು ಮೂಲೆ ನೋಡುತ್ತದೆ, ಬೇಡ ಅನ್ನಿಸುತ್ತದೆ, ಇನ್ನೊಂದಕ್ಕೆ ಹೋಗುತ್ತದೆ. ಕೊನೆಗೆ ದಿವಾನದ ಹಿಂದೆ ನಿಂತು ಮುಂಗಾಲಿಂದ ಟೈಲ್ಸನ್ನು ಕರಕರ ಕೆರೆಯುತ್ತದೆ. ಬಿಸ್ಕತ್ತು ಕೆಳಗಿಡುತ್ತದೆ. ಅಲ್ಲಿಗೆ ಕಾಲಿನ ಕೆಲಸ ಮುಗಿಯಿತು, ಇನ್ನು ಮೂಗಿನದು. ಮೂಗಿನ ತುದಿಯಿಂದ ಈ ಕಡೆಯಿಂದ, ಆ ಕಡೆಯಿಂದ, ಇಲ್ಲದ ಮಣ್ಣನ್ನು ಬಿಸ್ಕತ್ತಿನ ಮೇಲೆ ತಳ್ಳುತ್ತದೆ. ಟೈಲ್ಸ್ ಮೇಲೆ ಒದ್ದೆ ಗೆರೆ ಮೂಡುತ್ತದೆ, ಅಷ್ಟೇ. ಬಿಸ್ಕತ್ತು ಎಲ್ಲರ ಕಣ್ಣಿಗೂ ಕಾಣುತ್ತಿದೆ. ರಾಜಾ ಮಾತ್ರ ಕೆಲಸ ಮುಗಿಸಿದವರ ಗತ್ತಿನಲ್ಲಿ ಹೊರಟುಹೋಗುತ್ತದೆ.

ನೋಡಿದವರು ನಗುತ್ತಾರೆ. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಇದೇ. ಕಷ್ಟಕಾಲಕ್ಕೆ ಅಂತ ಯೋಚಿಸಿ ಕೂಡಿಡುವ ಪ್ರಾಣಿ, ಇಟ್ಟದ್ದು ಮುಚ್ಚಿಹೋಯಿತಾ ಅಂತ ಒಂದು ಸಲ ನೋಡುವುದಿಲ್ವಾ? ರಾಜಾ ನೋಡುವುದಿಲ್ಲ. ಹೂಳುವ ಕ್ರಿಯೆ ಅದರ ಮೈಯಲ್ಲಿ ಮೊದಲೇ ಜೋಡಿಸಿಟ್ಟಂತೆ ಇದೆ: ಹೊರು, ಮೂಲೆ ಹುಡುಕು, ಕೆರೆ, ಇಡು, ಮೂಗಿಂದ ಮುಚ್ಚು. ವಾಷಿಂಗ್ ಮಷಿನ್‌ಗೆ ಬಟ್ಟೆ ಹಾಕದೆ ಗುಂಡಿ ಒತ್ತಿದರೂ ಅದು ನೀರು ತುಂಬಿ, ತಿರುಗಿಸಿ, ಹಿಂಡಿ, ಕೊನೆಗೆ ಬೀಪ್ ಅನ್ನುತ್ತದಲ್ಲ, ಹಾಗೆ. ಒಳಗೆ ಬಟ್ಟೆ ಇದೆಯಾ ಇಲ್ಲವಾ ಎಂಬುದು ಅದಕ್ಕೆ ಬೇಕಿಲ್ಲ.

ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ನಾಯಿಯಲ್ಲ, ಅಳಿಲು. ಆಸ್ಟ್ರಿಯಾದ ಐಬ್ಲ್-ಐಬೆಸ್‌ಫೆಲ್ಟ್ ಎಂಬ ವಿಜ್ಞಾನಿ ಅಳಿಲು ಮರಿಗಳನ್ನು ಒಂಟಿಯಾಗಿ ಸಾಕಿದರು. ತಿನ್ನಲು ಬರೀ ದ್ರವದ ಆಹಾರ. ಅವು ಮಣ್ಣು ಕಂಡಿಲ್ಲ, ಕಾಯಿ ಕಂಡಿಲ್ಲ, ಹೂಳುವ ಇನ್ನೊಂದು ಅಳಿಲನ್ನೂ ಕಂಡಿಲ್ಲ. ದೊಡ್ಡವಾದ ಮೇಲೆ ಕಾಯಿ ಕೊಟ್ಟಾಗ ಹೊಟ್ಟೆ ತುಂಬ ತಿಂದವು. ಆಮೇಲೆ ಸಿಕ್ಕಿದ್ದನ್ನು ಕಚ್ಚಿಕೊಂಡು ಮೂಲೆಗೆ ಹೋದವು. ಗಟ್ಟಿ ನೆಲ ಕೆರೆದು, ಕಾಯಿ ಇಟ್ಟು, ಮೂತಿಯಿಂದ ಒತ್ತಿ, ಬರೀ ಗಾಳಿಯನ್ನೇ ಮೇಲೆ ಎಳೆದು ಮುಚ್ಚಿದವು! ಯಾರೂ ಕಲಿಸಿರಲಿಲ್ಲ.

"ಹೊಟ್ಟಿ ತುಂಬೇತಿ" ಎಂಬ ಅಜ್ಜಿಯ ಮಾತು ಇಲ್ಲಿ ಕೂರುತ್ತದೆ. ಮುಚ್ಚಿಡುವುದು ಹಸಿವಿನ ಕೆಲಸವಲ್ಲ, ಉಳಿಕೆಯ ಕೆಲಸ. ಪುಣೆ ಹತ್ತಿರದ ಸಾಸ್ವಡ ದಾಟಿದರೆ ಸಿಗುವ ಹುಲ್ಲುಗಾವಲಲ್ಲಿ ಈಗಲೂ ತೋಳಗಳಿವೆ, ನಮ್ಮ ಕೊಪ್ಪಳದ ಕಡೆ ಇರುವ ಹಾಗೇ. ನಾಯಿಯ ಹತ್ತಿರದ ನೆಂಟನಾದ ಈ ತೋಳಕ್ಕೆ ಬೇಟೆ ದಿನಾ ಸಿಗುವುದಿಲ್ಲ. ಸಿಕ್ಕಿದ ದಿನ ಮಿತಿಯಿಲ್ಲ. ಉತ್ತರದ ಚಳಿದೇಶಗಳ ದೊಡ್ಡ ತೋಳ ಒಂದೇ ಸಲಕ್ಕೆ 9-10 ಕೆಜಿ ಮಾಂಸ ತಿನ್ನಬಲ್ಲದು. ಇನ್ನೂ ಉಳಿದರೆ ಹೊಟ್ಟೆಯಲ್ಲೇ ಹೊತ್ತುಕೊಂಡು ದೂರ ಹೋಗಿ, ಕಕ್ಕಿ, ಹೂತಿಡುವುದೂ ಉಂಟು. ಮಣ್ಣಿನಡಿ ತಂಪು, ಗಾಳಿ ಕಡಿಮೆ, ನೊಣ ಮೊಟ್ಟೆ ಇಡಲಾರದು, ಕಾಗೆ ಹದ್ದಿಗೆ ಕಾಣದು. ಸೋಫಾ ಸಂದಿಗೆ ಹೋದ ಚಿಕನ್ ತುಂಡಿಗೆ ಈ ಅನುಕೂಲ ಯಾವುದೂ ಇಲ್ಲ. ಪುಣೆಯ ಮಳೆಗಾಲದಲ್ಲಿ ಮಾರನೇ ಬೆಳಿಗ್ಗೆ ಇರುವೆ ಸಾಲೇ ವಿಳಾಸ ಹೇಳುತ್ತದೆ.

ನರಿಯದು ಇನ್ನೂ ಜಾಣ ಲೆಕ್ಕ. ಇಂಗ್ಲೆಂಡಿನ ರೇವನ್‌ಗ್ಲಾಸ್ ಎಂಬಲ್ಲಿ ಮರಳುದಿಬ್ಬಗಳ ನಡುವೆ ಕಡಲಹಕ್ಕಿಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತಿದ್ದವು. ಮುಂದೆ 1973ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಅಲ್ಲಿ ಮರಳಿನ ಮೇಲಿನ ಹೆಜ್ಜೆ ಓದಿಯೇ ನರಿ ರಾತ್ರಿ ಏನು ಮಾಡಿತು ಎಂದು ತಿಳಿದುಕೊಂಡರು. ನರಿ ಮೊಟ್ಟೆ ಕದ್ದು ಒಂದೊಂದನ್ನು ಒಂದೊಂದು ಕಡೆ ಹೂಳುತ್ತಿತ್ತು. ಹಕ್ಕಿಗಳೆಲ್ಲ ಹಾರಿಹೋದ ಮೇಲೆ ಬಂದು ತೆಗೆದು ತಿನ್ನುತ್ತಿತ್ತು. ಒಂದು ಕಡೆ ಯಾರಾದರೂ ಕದ್ದರೂ ಉಳಿದದ್ದು ಉಳಿಯುತ್ತದೆ.

ವಾಸನೆ ಹಿಡಿದು ತೆಗೆಯುತ್ತದೆ, ಅದರಲ್ಲೇನು ಅನ್ನಬೇಡಿ. ಪ್ರಾಣಿವಿಜ್ಞಾನಿ ಡೇವಿಡ್ ಮ್ಯಾಕ್‌ಡೊನಾಲ್ಡ್ 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಳಗಿದ ನರಿ ತಾನು ಹೂತದ್ದನ್ನು ಹೆಚ್ಚುಕಮ್ಮಿ ಪೂರ್ತಿ ಪತ್ತೆ ಮಾಡಿತು. ಹತ್ತಿರದಲ್ಲೇ ಅವರು ಹೂತದ್ದರಲ್ಲಿ ಸಿಕ್ಕಿದ್ದು ಸ್ವಲ್ಪವೇ. ಮೂಗು ಒಂದೇ, ನೆಲ ಒಂದೇ. ವ್ಯತ್ಯಾಸ ನೆನಪಿನದು. ಹೂಳುವ ಚಲನೆ ಯಂತ್ರದಂಥದ್ದಾದರೂ ಜಾಗದ ನೆನಪು ಯಂತ್ರವಲ್ಲ. ಖಾಲಿಯಾದ ಗುಂಡಿಗೆ ಗುರುತೂ ಬೀಳುತ್ತದೆ: ಅದರ ಮೇಲೆ ಉಚ್ಚೆ. ನರಿಗಳಲ್ಲಿ ಇದನ್ನು 1977ರಲ್ಲಿ, ತೋಳಗಳಲ್ಲಿ 1981ರಲ್ಲಿ ವರದಿ ಮಾಡಿದ್ದಾರೆ. ಮುಂದಿನ ಸಲ ಮೂಸಿ ನೋಡಿದರೆ ಸಾಕು, ಸುಮ್ನೆ ಅಗೆಯುವ ಶ್ರಮ ಉಳಿಯುತ್ತದೆ.

ಇಷ್ಟೆಲ್ಲ ಇದ್ದೂ ಕೇಡು, ಶಕುನ ಅಂತ ಕೂರುವುದು ಕಂಡರೆ ನನಗೆ ತಾಳ್ಮೆ ತಪ್ಪುತ್ತದೆ. ಇಲ್ಲಿಂದ ಜೇಜುರಿ ಎಷ್ಟು ದೂರ? ಅಲ್ಲಿನ ಖಂಡೋಬನ ಜೊತೆ ನಾಯಿ ಇದೆ. ಅದೇ ದೇವರು ನಮ್ಮ ಕಡೆ ಮೈಲಾರಲಿಂಗ. ಅವನ ಮುಂದೆ ಭಕ್ತರು ನಾಯಿಯಂತೆ ಬೊಗಳಿ ದೋಣಿ ಎಂಬ ಪಾತ್ರೆಯಲ್ಲಿ ಉಣ್ಣುತ್ತಾರೆ. ಸಂತ ನಾಮದೇವರಂತೂ ರೊಟ್ಟಿ ಕದ್ದ ನಾಯಿಯ ಹಿಂದೆ ತುಪ್ಪ ಹಿಡಿದು ಓಡಿದರು ಅಂತ ಕಥೆ. ಭಕ್ತರಿಗೆ ಆ ನಾಯಿ ವಿಠ್ಠಲ. ನನಗೆ ಬೇರೆಯೇ ಕುತೂಹಲ: ರೊಟ್ಟಿ ಬಾಯಲ್ಲಿದ್ದರೂ ತಿನ್ನದೆ ಅದು ಎಲ್ಲಿಗೆ ಓಡುತ್ತಿತ್ತು? ಹೂಳುವುದಕ್ಕೇ ಇರಬೇಕು, ಅಲ್ವಾ?

ಇನ್ನು ಆಟಿಕೆ. ಬಾಯಲ್ಲಿ ಹಿಡಿಸುವ, ಅಗಿಯಲು ಬರುವ ಯಾವುದೇ ವಸ್ತು ಇದೇ ದಾರಿ ಹಿಡಿಯಬಹುದು. ಕಾಲುಚೀಲ, ರಿಮೋಟ್ ಕೂಡ. ಅದನ್ನು ದೊಡ್ಡದು ಮಾಡಬೇಕಿಲ್ಲ. ಎರಡು ಸಂದರ್ಭದಲ್ಲಿ ಮಾತ್ರ ಗಮನ ಕೊಡಿ. ಚೆನ್ನಾಗಿ ತಿನ್ನುತ್ತಿದ್ದ ನಾಯಿ ಇದ್ದಕ್ಕಿದ್ದಂತೆ ಊಟವನ್ನೆಲ್ಲ ಹೊತ್ತು ಮುಚ್ಚಿಟ್ಟು ತಾನು ತಿನ್ನದಿದ್ದರೆ ಹಲ್ಲೋ ಹೊಟ್ಟೆಯೋ ನೋಯುತ್ತಿರಬಹುದು. ಮರಿ ಆಗದಂತೆ ಮಾಡುವ ಆಪರೇಷನ್ ಆಗದ ಹೆಣ್ಣು ನಾಯಿ, ಬೆದೆ ಮುಗಿದು ಒಂದೆರಡು ತಿಂಗಳಿಗೆ, ಗೊಂಬೆಗಳನ್ನು ಮಂಚದಡಿ ಸೇರಿಸಿಕೊಂಡು ಹತ್ತಿರ ಹೋದವರಿಗೆ ಗುರ್ ಎಂದರೆ ಅದು ಸುಳ್ಳು ಬಸಿರು. ಪ್ರೊಜೆಸ್ಟೆರಾನ್ ಎಂಬ ಹಾರ್ಮೋನ್ ಇಳಿದು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನ್ ಏರಿದಾಗ ಮರಿ ಇಲ್ಲದೆಯೇ ತಾಯ್ತನ ಬರುತ್ತದೆ. ಗೊಂಬೆಯೇ ಮರಿ. ಹೆಚ್ಚಾಗಿ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಇಳಿಯದಿದ್ದರೆ ಪ್ರೊಲ್ಯಾಕ್ಟಿನ್ ತಗ್ಗಿಸುವ ಔಷಧಿ ಪಶುವೈದ್ಯರ ಹತ್ತಿರ ಇದೆ. ದೃಷ್ಟಿಯಾಗಿದೆ ಅಂತ ಅದರ ಕೊರಳಿಗೆ ಕರಿದಾರ ಕಟ್ಟಿ ಕೂರಬೇಡಿ.