ಮೊಣಕಾಲು ನೋವಿಗೆ ಇಷ್ಟೊಂದು ಚಿಕಿತ್ಸೆ ಬಂದಿದ್ದು ಹೇಗೆ, ಪರೀಕ್ಷೆಯಲ್ಲಿ ಗೆದ್ದಿದ್ದು ಯಾವುದು

ಶಿರಸಿ, ಸಿದ್ದಾಪುರ ಕಡೆ ಅಡಿಕೆ ಸುಲಿಯುವ ಹಂಗಾಮು ಮುಗಿಯುತ್ತಾ ಬಂದರೆ ಮನೆಮನೆಯಲ್ಲೂ ಮೊಣಕಾಲು ನೋವಿನ ಸುದ್ದಿ. ಒಬ್ಬರು ಮೆಡಿಕಲ್ ಶಾಪಿನ ಮಾತ್ರೆಯೇ ಸಾಕು ಎನ್ನುತ್ತಾರೆ. ಇನ್ನೊಬ್ಬರು ಹುಬ್ಬಳ್ಳಿಗೆ ಹೋಗಿ ಗಂಟಿಗೆ ಇಂಜೆಕ್ಷನ್ ಹಾಕಿಸಿಕೊಂಡು ಬಂದಿರುತ್ತಾರೆ. ಮಣಿಪಾಲದಲ್ಲಿ ಮಂಡಿ ಬದಲಿಸಿಕೊಂಡವರು 'ಮೊದಲೇ ಮಾಡಿಸಬೇಕಿತ್ತು' ಎನ್ನುತ್ತಾರೆ. ಅದೇ ಆಪರೇಷನ್ ಆದ ಪಕ್ಕದ ಮನೆಯವರಿಗೆ ನೋವು ಇನ್ನೂ ಪೂರ್ತಿ ಹೋಗಿಲ್ಲ. ಅಜ್ಜಿ ಮಾತ್ರ ಲಕ್ಕಿ ಸೊಪ್ಪು ಹಾಕಿ ಕಾಯಿಸಿದ ನೀರನ್ನೇ ನಂಬಿದ್ದಾಳೆ.

ಯಾರ ಮಾತು ಕೇಳಬೇಕು? ಗೊಂದಲಕ್ಕೆ ಕಾರಣ ಇದೆ. ಈ ಚಿಕಿತ್ಸೆಗಳೆಲ್ಲ ಬೇರೆ ಬೇರೆ ಕಾಲದಲ್ಲಿ ಬಂದವು. ಹೊಸದು ಬಂತು ಅಂತ ಹಳೆಯದು ಹೋಗಲಿಲ್ಲ. ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಎಂಬ ಪರೀಕ್ಷೆ ಬಹಳ ತಡವಾಗಿ ಶುರುವಾಯಿತು. ಅದರ ಫಲಿತಾಂಶ ನಮ್ಮ ಕಡೆ ತಲುಪುವುದು ಇನ್ನೂ ತಡ.

ಮೊದಲು ಮಾತ್ರೆಯ ಕಥೆ. ವಿಲೋ ಮರದ ತೊಗಟೆಯಿಂದ ಜ್ವರ ಇಳಿಯುತ್ತದೆ ಎಂದು ಇಂಗ್ಲೆಂಡಿನ ಪಾದ್ರಿ ಎಡ್ವರ್ಡ್ ಸ್ಟೋನ್ 1763ರಲ್ಲಿ ಬರೆದರು. ಅದೇ ಜಾಡಿನಲ್ಲಿ 1899ರಲ್ಲಿ ಆಸ್ಪಿರಿನ್ ಮಾರಾಟಕ್ಕೆ ಬಂತು. ಅದು ನೋವನ್ನು ಹೇಗೆ ತಡೆಯುತ್ತದೆ ಎಂದು ಬ್ರಿಟನ್ನಿನ ಔಷಧ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ದೇಹದಲ್ಲಿ ನೋವು, ಊತ ಹೆಚ್ಚಿಸುವ ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು ತಯಾರಾಗುವುದನ್ನೇ ಅದು ನಿಲ್ಲಿಸುತ್ತದೆ. ಆದರೆ ಹೊಟ್ಟೆಯ ಒಳಪದರವನ್ನು ಕಾಯುವುದು, ಕಿಡ್ನಿಗೆ ರಕ್ತ ಹರಿಯಲು ನೆರವಾಗುವುದು ಕೂಡ ಅದೇ ವಸ್ತು. ಹಾಗಾಗಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಇವೆಲ್ಲ ನೋವು ಇಳಿಸುವಾಗಲೇ ಹೊಟ್ಟೆ, ಕಿಡ್ನಿಗೂ ಕೈ ಹಾಕುತ್ತವೆ. ಹೊಟ್ಟೆಗೆ ತೊಂದರೆ ಕೊಡದ ಮಾತ್ರೆ ಎಂದು 1999ರಲ್ಲಿ ರೋಫೆಕಾಕ್ಸಿಬ್ ಬಂತು. ಹೃದಯಾಘಾತ ಹೆಚ್ಚುತ್ತಿದೆ ಎಂದು ಗೊತ್ತಾಗಿ 2004ರಲ್ಲಿ ಅದನ್ನು ಜಗತ್ತಿನ ಎಲ್ಲ ಕಡೆ ವಾಪಸ್ ಪಡೆದರು.

ಡೈಕ್ಲೋಫೆನಾಕ್ ಬಗ್ಗೆ ಇನ್ನೊಂದು ವಿಷಯ. ಆ ಔಷಧಿ ಕೊಟ್ಟ ದನ ಸತ್ತ ಮೇಲೆ ಅದನ್ನು ತಿಂದ ರಣಹದ್ದುಗಳು ಕಿಡ್ನಿ ಕೆಟ್ಟು ಸತ್ತವು. ಭಾರತದಲ್ಲಿ 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸಲಾಯಿತು. ಮನುಷ್ಯರ ಕಿಡ್ನಿ ರಣಹದ್ದಿನಷ್ಟು ಸೂಕ್ಷ್ಮ ಅಲ್ಲ, ನಿಜ. ಆದರೆ ಬಿಪಿ, ಶುಗರ್ ಇರುವವರು ಚೀಟಿ ಇಲ್ಲದೆ ತಿಂಗಳುಗಟ್ಟಲೆ ನೋವಿನ ಮಾತ್ರೆ ನುಂಗುವುದನ್ನು ನೋಡಿದರೆ ಭಯವಾಗುತ್ತದೆ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಬೆಳಿಗ್ಗೆ ಎದ್ದಾಗ ಕೈಬೆರಳಿನ ಸಣ್ಣ ಗಂಟುಗಳು ಊದಿಕೊಂಡು, ಗಂಟೆ ಕಳೆದರೂ ಬಿಗಿತ ಬಿಡದಿದ್ದರೆ ಅದು ಬೇರೆಯೇ ಕಾಯಿಲೆ ಇರಬಹುದು. ರುಮಟಾಯ್ಡ್ ಸಂಧಿವಾತ. ದೇಹದ ರಕ್ಷಣಾ ವ್ಯವಸ್ಥೆಯೇ ಗಂಟಿನ ಮೇಲೆ ದಾಳಿ ಮಾಡುವ ಕಾಯಿಲೆ ಇದು. ಇದರ ಸಂಶೋಧನೆ ನಿಜಕ್ಕೂ ಗೆದ್ದಿದೆ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ವೈದ್ಯ ಹೆಂಚ್, ರಸಾಯನ ವಿಜ್ಞಾನಿ ಕೆಂಡಾಲ್ ಸೇರಿ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಹಾಸಿಗೆ ಹಿಡಿದ ಮಹಿಳೆ ಎದ್ದು ನಡೆದರು. 1980ರ ದಶಕದಲ್ಲಿ ಮೆಥೋಟ್ರೆಕ್ಸೇಟ್ ಬಂತು, 1990ರ ದಶಕದ ಕೊನೆಗೆ ಇನ್ನೂ ನೇರವಾಗಿ ಗುರಿ ಹಿಡಿಯುವ ಔಷಧಿಗಳು ಬಂದವು. ಬೇಗ ಶುರು ಮಾಡಿದರೆ ಬೆರಳು ಸೊಟ್ಟ ಆಗುವುದನ್ನೇ ತಡೆಯಬಹುದು. ಒಂದು ಎಚ್ಚರ: ಮೆಥೋಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತೆಗೆದುಕೊಳ್ಳುವ ಔಷಧಿ. ತಪ್ಪಿ ದಿನವೂ ತೆಗೆದುಕೊಂಡರೆ ಜೀವಕ್ಕೇ ಅಪಾಯ.

ನಮ್ಮಲ್ಲಿ ಜಾಸ್ತಿ ಜನರನ್ನು ಕಾಡುವುದು ಮಾತ್ರ ಇನ್ನೊಂದು. ವಯಸ್ಸಿನ ಜೊತೆ ಬರುವ ಅಸ್ಥಿಸಂಧಿವಾತ. ಮೆಟ್ಟುಗತ್ತಿಯ ಹಲಗೆ ಮೇಲೆ ಕಾಲು ಮಡಚಿ ಅಡಿಕೆ ಸುಲಿಯಲು ಕೂತವರು ಏಳುವುದು ಊಟದ ಹೊತ್ತಿಗೇ. ಅಘನಾಶಿನಿ ನದಿಯ ಕೆಸರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು, ಕಾರವಾರ, ಅಂಕೋಲೆಯಲ್ಲಿ ಮೀನಿನ ಬುಟ್ಟಿ ಹೊರುವವರು, ಮಳೆಗಾಲದಲ್ಲಿ ನಾಟಿ ಮಾಡುವವರು, ಎಲ್ಲರ ಕೆಲಸವೂ ಮೊಣಕಾಲು, ಸೊಂಟದ ಮೇಲೇ. ಹರೆಯದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂತವರಲ್ಲಿ ಮುಂದೆ ಮೊಣಕಾಲಿನ ಸಂಧಿವಾತ ಹೆಚ್ಚು ಎಂದು ಬೀಜಿಂಗ್‌ನಲ್ಲಿ ನಡೆದ ಅಧ್ಯಯನ 2004ರಲ್ಲೇ ಹೇಳಿದೆ.

ಈ ನೋವನ್ನು ಸಾಮಾನ್ಯವಾಗಿ ವಿವರಿಸುವುದು ಲಾರಿ ಟೈರಿನ ಹೋಲಿಕೆ ಕೊಟ್ಟು. ಓಡಿಸಿದಷ್ಟೂ ಸವೆಯುತ್ತದೆ, ಸವೆದ ಮೇಲೆ ಬದಲಿಸಬೇಕು. ಕೇಳಲು ಸರಿ ಅನಿಸುತ್ತದೆ ಅಲ್ವಾ? ಆದರೆ ಗಂಟಿನ ತುದಿಯ ಮೆದು ಎಲುಬಿಗೆ ನರವೂ ಇಲ್ಲ, ರಕ್ತನಾಳವೂ ಇಲ್ಲ. ನೋವು ಬರುವುದು ಸುತ್ತಲಿನ ಪೊರೆ, ಅಡಿಯ ಎಲುಬು, ಕಟ್ಟುಗಳಿಂದ. ಮೆದು ಎಲುಬಿಗೆ ಪೋಷಣೆ ಸಿಗುವುದೇ ಗಂಟು ಅಲುಗಾಡಿ ಒಳಗಿನ ದ್ರವ ಒತ್ತಿ ಬಿಟ್ಟಾಗ. ಅಂದರೆ ಸುಮ್ನೆ ಕೂರಿಸಿಟ್ಟರೆ ಉಳಿಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಎಕ್ಸ್‌ರೇಯಲ್ಲಿ ಪೂರ್ತಿ ಸವೆದಂತೆ ಕಾಣುವ ಕಾಲಿನಲ್ಲಿ ಆರಾಮಾಗಿ ತೋಟ ಸುತ್ತುವವರಿದ್ದಾರೆ. ಅಷ್ಟೇನೂ ಕಾಣದ ಕಾಲಿನಲ್ಲಿ ಮೆಟ್ಟಿಲು ಹತ್ತಲಾಗದವರೂ ಇದ್ದಾರೆ. ಬೆನ್ನಿನ ಕಥೆಯೂ ಇದೇ. 1994ರಲ್ಲಿ ಅಮೆರಿಕದಲ್ಲಿ ಬೆನ್ನು ನೋವೇ ಇಲ್ಲದ 98 ಜನರ ಎಂಆರ್‌ಐ ತೆಗೆದರು. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿತ್ತು.

ಆದರೂ ಚಿಕಿತ್ಸೆ ಬಹಳ ಕಾಲ ಚಿತ್ರದಲ್ಲಿ ಕಂಡಿದ್ದನ್ನೇ ಹಿಂಬಾಲಿಸಿತು. ಸಣ್ಣ ತೂತು ಮಾಡಿ, ಕ್ಯಾಮೆರಾ ಇಳಿಸಿ, ಗಂಟಿನ ಒಳಗೆ ತೊಳೆದು ಕೆರೆದು ಸರಿಮಾಡುವ ಆರ್ಥ್ರೋಸ್ಕೋಪಿ ಜನಪ್ರಿಯವಾಯಿತು. ಮಾಡಿಸಿಕೊಂಡವರು ನೋವು ಕಡಿಮೆಯಾಯಿತು ಎಂದರು. ಅದನ್ನು ಪ್ರಶ್ನಿಸಿದ್ದು ಅದೇ ಆಪರೇಷನ್ ಮಾಡುತ್ತಿದ್ದ ಒಬ್ಬ ಸರ್ಜನ್, ಹ್ಯೂಸ್ಟನ್ನಿನ ಬ್ರೂಸ್ ಮೋಸ್ಲಿ.

ಅವರು ಮಾಡಿದ ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ 180 ರೋಗಿಗಳು. ಒಂದು ಗುಂಪಿಗೆ ಗಂಟು ಕೆರೆದು ತೊಳೆದರು, ಇನ್ನೊಂದಕ್ಕೆ ಬರೀ ತೊಳೆದರು. ಮೂರನೆಯ ಗುಂಪಿಗೆ ಮಾಡಿದ್ದು ಚರ್ಮದ ಮೇಲಿನ ಕೊಯ್ತ ಮಾತ್ರ. ಸರ್ಜನ್ ಎಂದಿನಂತೆ ಸಲಕರಣೆ ಕೇಳಿದರು. ಕಾಲನ್ನು ಮಡಚಿ, ತಿರುಗಿಸಿದರು. ಗಂಟು ತೊಳೆಯುವ ಸದ್ದು ಬರಲಿ ಎಂದು ಉಪ್ಪುನೀರು ಚಿಮುಕಿಸಿದರು. ಹೊಲಿಗೆ ಹಾಕಿ ಕಳಿಸಿದರು. ಯಾರಿಗೆ ಏನಾಗಿದೆ ಎಂದು ರೋಗಿಗೂ ಗೊತ್ತಿಲ್ಲ, ಆಮೇಲೆ ನೋವು ಅಳೆದವರಿಗೂ ಗೊತ್ತಿಲ್ಲ. ಸುಳ್ಳು ಆಪರೇಷನ್ ಆಗುವ ಸಾಧ್ಯತೆ ಇದೆ ಎಂದು ಎಲ್ಲರಿಗೂ ಮೊದಲೇ ತಿಳಿಸಿ, ಅವರ ಕೈಬರಹದಲ್ಲೇ ಒಪ್ಪಿಗೆ ಪಡೆದಿದ್ದರು. ಎರಡು ವರ್ಷ ಹಿಂಬಾಲಿಸಿದರು. ನಿಜವಾದ ಆಪರೇಷನ್ ಆದವರು ಯಾವ ಹಂತದಲ್ಲೂ ಸುಳ್ಳು ಆಪರೇಷನ್ ಆದವರಿಗಿಂತ ಮುಂದೆ ಹೋಗಲಿಲ್ಲ. 2002ರಲ್ಲಿ ಇದು ಪ್ರಕಟವಾಯಿತು.

ದೊಡ್ಡ ಚರ್ಚೆಯಾಯಿತು. ಮಾಜಿ ಸೈನಿಕರು ಬೇರೆ, ಒಬ್ಬನೇ ಸರ್ಜನ್ ಎಂದೆಲ್ಲ ಆಕ್ಷೇಪ ಬಂತು. ಆಮೇಲೆ 2013ರಲ್ಲಿ ಫಿನ್ಲೆಂಡ್‌ನವರು ಹರಿದ ಮೆನಿಸ್ಕಸ್ (ಮೊಣಕಾಲಿನ ಒಳಗಿನ ಮೆತ್ತೆ) ಕತ್ತರಿಸುವ ಆಪರೇಷನ್‌ಗೂ ಇದೇ ರೀತಿ 146 ಜನರಲ್ಲಿ ಪರೀಕ್ಷೆ ಮಾಡಿದರು. ಅಲ್ಲೂ ಸುಳ್ಳು ಆಪರೇಷನ್‌ಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಪೆಟ್ಟು ಬಿದ್ದು ಹರಿದದ್ದಲ್ಲ, ವಯಸ್ಸಿನಿಂದ ಹರಿದದ್ದು, ಇದು ಗಮನದಲ್ಲಿರಲಿ. 2017ರಲ್ಲಿ ಅಂತರರಾಷ್ಟ್ರೀಯ ತಜ್ಞರ ಒಂದು ತಂಡ ಸವೆತದ ಮೊಣಕಾಲಿಗೆ ಆರ್ಥ್ರೋಸ್ಕೋಪಿ ಬೇಡ ಎಂದೇ ಬರೆಯಿತು.

ಇಂಜೆಕ್ಷನ್‌ಗಳಿಗೂ ಇದೇ ಅಗ್ನಿಪರೀಕ್ಷೆ. ಗಂಟಿಗೆ ಕೊಡುವ ಸ್ಟೀರಾಯ್ಡ್ ಕೆಲವು ವಾರ ನೋವು ಇಳಿಸುತ್ತದೆ. ಆದರೆ ಮೂರು ತಿಂಗಳಿಗೊಮ್ಮೆ, ಎರಡು ವರ್ಷ ಕೊಟ್ಟು ನೋಡಿದ ಪ್ರಯೋಗದಲ್ಲಿ ಔಷಧಿಯ ಬದಲು ಬರೀ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗಿಂತ ನೋವೇನೂ ಕಡಿಮೆ ಆಗಲಿಲ್ಲ, ಮೆದು ಎಲುಬು ಮಾತ್ರ ಜಾಸ್ತಿ ತೆಳುವಾಯಿತು. ಅದು 2017ರಲ್ಲಿ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ಗಿರಗಿರ ತಿರುಗಿಸಿ ಬೇರ್ಪಡಿಸಿದ ಭಾಗವನ್ನು ಗಂಟಿಗೆ ಕೊಡುವ ಪಿಆರ್‌ಪಿ ಈಗ ಎಲ್ಲ ದೊಡ್ಡ ಊರಲ್ಲೂ ಸಿಗುತ್ತದೆ, ಅಗ್ಗವೂ ಅಲ್ಲ. 2021ರಲ್ಲಿ ಆಸ್ಟ್ರೇಲಿಯಾದಲ್ಲಿ 288 ಜನರಲ್ಲಿ ಅದನ್ನು ಉಪ್ಪುನೀರಿನ ಜೊತೆ ಹೋಲಿಸಿದರು. ವರ್ಷದ ಕೊನೆಗೆ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಮೆದು ಎಲುಬಿಗೆ ಒಳ್ಳೆಯದು ಎಂದು ಮಾರುವ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಮಾತ್ರೆಗಳೂ 2006ರಲ್ಲಿ 1583 ಜನರ ಪ್ರಯೋಗದಲ್ಲಿ ಒಟ್ಟಾರೆ ಸೋತವು.

ಆಯುರ್ವೇದವನ್ನು ಯಾರೂ ಪರೀಕ್ಷಿಸಿಲ್ಲ ಎನ್ನುವುದು ತಪ್ಪು. ಪುಣೆಯ ಡಾ. ಅರವಿಂದ ಚೋಪ್ರಾ ಮತ್ತು ಸಂಗಡಿಗರು ಅಮೃತಬಳ್ಳಿ, ಶುಂಠಿ, ನೆಲ್ಲಿಕಾಯಿ, ಸಲ್ಲಕಿ ಅಂಟಿನ ಸಾರ ಸೇರಿದ ಔಷಧಿಯನ್ನು 440 ರೋಗಿಗಳಲ್ಲಿ ಆರು ತಿಂಗಳು ನೋಡಿದರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಅದು ಸೆಲೆಕಾಕ್ಸಿಬ್ ಎಂಬ ನೋವಿನ ಮಾತ್ರೆಗೆ ಸರಿಸಾಟಿಯಾಗಿ ನಿಂತಿತು. ಕೆಲವರಲ್ಲಿ ಲಿವರ್ ಪರೀಕ್ಷೆಯ ಅಂಕಿ ಏರಿತು, ಔಷಧಿ ನಿಲ್ಲಿಸಿದ ಮೇಲೆ ಇಳಿಯಿತು. ಗಿಡಮೂಲಿಕೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ತಿನ್ನಬಾರದು ಎನ್ನುವುದಕ್ಕೂ, ಅಳೆದು ನೋಡದೆ ತಳ್ಳಿಹಾಕಬಾರದು ಎನ್ನುವುದಕ್ಕೂ ಇದೇ ಉತ್ತರ.

ಹಾಗಾದರೆ ಮಂಡಿ ಬದಲಾವಣೆ? ಅದು ಕೆಲಸ ಮಾಡುತ್ತದೆ. 2015ರಲ್ಲಿ ಡೆನ್ಮಾರ್ಕ್‌ನ 100 ಜನರ ಪ್ರಯೋಗದಲ್ಲಿ ಆಪರೇಷನ್ ಆದವರಿಗೆ ಹೆಚ್ಚು ಆರಾಮ ಸಿಕ್ಕಿತು, ಗಂಭೀರ ತೊಡಕುಗಳೂ ಅವರಲ್ಲೇ ಜಾಸ್ತಿ. ಆದರೆ ನನ್ನ ಮಟ್ಟಿಗೆ ಆ ಪ್ರಯೋಗದ ದೊಡ್ಡ ಸುದ್ದಿ ಬೇರೆ. ಆಪರೇಷನ್ ಇಲ್ಲದೆ ಹನ್ನೆರಡು ವಾರ ವ್ಯಾಯಾಮ, ತೂಕ ಇಳಿಕೆ, ತಿಳಿವಳಿಕೆ ಪಡೆದ 50 ಜನರಲ್ಲಿ ವರ್ಷದೊಳಗೆ ಆಪರೇಷನ್ ಕೇಳಿ ಮಾಡಿಸಿಕೊಂಡವರು 13 ಜನ ಮಾತ್ರ. ಇವರೆಲ್ಲ ಆಪರೇಷನ್‌ಗೆ ಅರ್ಹರು ಎಂದು ಗುರುತಿಸಿದ್ದವರೇ. ನಮ್ಮ ದೇಶದಲ್ಲಿ 2017ರ ಆಗಸ್ಟ್‌ನಲ್ಲಿ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದರು. ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ. ಅಲ್ಲಿಯವರೆಗೆ ಒಂದೂವರೆ ಲಕ್ಷದ ಆಸುಪಾಸಿನಲ್ಲಿತ್ತು. ತೀರಾ ನಡೆಯಲಾಗದವರಿಗೆ ಇದರಿಂದ ನಿಜವಾದ ಉಪಕಾರ ಆಯಿತು.

ವ್ಯಾಯಾಮಕ್ಕೆ ಹೀಗೆ ಬೆಲೆ ಇಳಿಸಬೇಕಾದ ಅಗತ್ಯವೇ ಇಲ್ಲ. ಬೆಂಚಿನ ಮೇಲೆ ಕೂತು, ಕಣಕಾಲಿಗೆ ಬಟ್ಟೆಯಲ್ಲಿ ಒಂದು ಕಿಲೋ ಉಪ್ಪಿನ ಪ್ಯಾಕೆಟ್ ಕಟ್ಟಿಕೊಂಡು, ಕಾಲನ್ನು ನಿಧಾನ ನೇರ ಮಾಡುವುದು. ಐದು ಎಣಿಸುವವರೆಗೆ ಹಿಡಿದು ಇಳಿಸುವುದು. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾದರೆ ಗಂಟಿನ ಮೇಲಿನ ಭಾರ ಅದು ಹೊರುತ್ತದೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮೊಣಕಾಲಿನ ಮೇಲೆ ಸುಮಾರು ನಾಲ್ಕು ಕಿಲೋ ಹೊರೆ ಇಳಿಯುತ್ತದೆ. 2020ರಲ್ಲಿ ಅಮೆರಿಕದ 156 ಜನರಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್‌ಗೂ ಫಿಸಿಯೋಥೆರಪಿಗೂ ಹೋಲಿಸಿದಾಗ, ವರ್ಷದ ಕೊನೆಗೆ ಫಿಸಿಯೋಥೆರಪಿಯವರೇ ಮುಂದಿದ್ದರು. ಇದು ಪವಾಡವೇನಲ್ಲ. ಎರಡು ಮೂರು ತಿಂಗಳು ಬೇಕು. ಬಿಟ್ಟರೆ ಲಾಭವೂ ಹೋಗುತ್ತದೆ. ಮೊದಮೊದಲು ನೋವು ಸ್ವಲ್ಪ ಜಾಸ್ತಿಯಾಗುತ್ತದೆ. ಆಗ ಹೆದರಬೇಡಿ ಎಂದು ಹೇಳಲು ಕಲಿಸಿದವರು ಹತ್ತಿರ ಇರಬೇಕು.

ಕೊರತೆ ಇರುವುದು ಅಲ್ಲೇ. ಉತ್ತರ ಕನ್ನಡದಲ್ಲಿ ದೊಡ್ಡ ಚಿಕಿತ್ಸೆ ಎಂದರೆ ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಹೊನ್ನಾವರ, ಭಟ್ಕಳದವರು ಮಣಿಪಾಲ, ಮಂಗಳೂರಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಅಪಘಾತವಾದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕು ಎಂಬ ಕೂಗು ಜೋರಾಯಿತು. ಆ ಬೇಡಿಕೆ ನ್ಯಾಯವಾದದ್ದು. ಆದರೆ ಗಂಟು ನೋವಿನವರಿಗೆ ಬೇಕಾದದ್ದು ಅದಕ್ಕಿಂತ ಚಿಕ್ಕದು, ಹತ್ತಿರದ್ದು. ಆಸ್ಪತ್ರೆಯಲ್ಲಿ ಮಲಗಿದರೆ ವಿಮೆ ಸಿಗುತ್ತದೆ. ವಾರಕ್ಕೆ ಎರಡು ಸಲ ಬಸ್ ಹತ್ತಿ ವ್ಯಾಯಾಮ ಕಲಿಯಲು ಹೋಗುವ ಖರ್ಚು, ಹೋದ ದಿನದ ಕೂಲಿ, ಎರಡೂ ಕೈಯಿಂದಲೇ.

2024ರಲ್ಲಿ ಆಸ್ಟ್ರೇಲಿಯಾದಿಂದ ಇನ್ನೊಂದು ಪ್ರಯೋಗ ಬಂತು. ಮೊಣಕಾಲು ನೋವಿನ 394 ಜನ. ಅರ್ಧ ಜನ ಫಿಸಿಯೋಥೆರಪಿಸ್ಟ್ ಹತ್ತಿರ ಹೋದರು, ಇನ್ನರ್ಧ ಜನ ಮನೆಯಿಂದಲೇ ವಿಡಿಯೋ ಕಾಲ್‌ನಲ್ಲಿ ಕಲಿತರು. ಎರಡೂ ಕಡೆ ಆರಾಮ ಒಂದೇ ಮಟ್ಟದ್ದು. ಯಲ್ಲಾಪುರ, ಕುಮಟಾ ಪೇಟೆಯ ಸುತ್ತಮುತ್ತ ಇದನ್ನು ನಾಳೆಯೇ ಶುರು ಮಾಡಬಹುದು. ಜೋಯಿಡಾದ ಒಳಗಿನ ಊರುಗಳಲ್ಲಿ, ಸಿದ್ದಾಪುರದ ಘಟ್ಟದಂಚಿನಲ್ಲಿ ವಿಡಿಯೋ ಹೋಗಲಿ, ಮಾತಾಡಲೂ ಸಿಗ್ನಲ್ ಸಾಲದು. ಅಲ್ಲಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಂದು ದಿನ ಬಂದು ಹತ್ತು ಜನರನ್ನು ಕೂರಿಸಿ ಕಲಿಸುವ ಒಬ್ಬ ಫಿಸಿಯೋಥೆರಪಿಸ್ಟ್ ಬೇಕು. ಅಡಿಕೆ ಸುಲಿಯುವುದು ಶುರುವಾಗುವ ಮೊದಲೇ ಬಂದರೆ ಇನ್ನೂ ಒಳ್ಳೆಯದು.