ದೊಡ್ಡ ಟ್ಯಾಂಕಿಗೆ ಯಾವ ಫಿಲ್ಟರ್? ತೊಳೆಯಲು ಸುಲಭವಾದದ್ದು

ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮೀನಿನ ಟ್ಯಾಂಕನ್ನು ಅಂಚಿನವರೆಗೆ ತುಂಬಿದರೆ ಸುಮಾರು 680 ಲೀಟರ್ ನೀರು ಹಿಡಿಯುತ್ತದೆ. ಇಷ್ಟು ದೊಡ್ಡದು ಮಾಡಿಸಿದವರು ನನ್ನನ್ನು ಮೊದಲು ಕೇಳುವುದು, ಗಂಟೆಗೆ ಎಷ್ಟು ಲೀಟರಿನ ಫಿಲ್ಟರ್ ಬೇಕು ಅಂತ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ: ಯಾವ ಮೀನು ಸಾಕುತ್ತೀರಿ? ಫಿಲ್ಟರ್ ತೊಳೆಯುವವರು ಯಾರು?

ಡಬ್ಬಿಯ ಮೇಲಿರುವ ಅಂಕಿ ಸಾಮಾನ್ಯವಾಗಿ ಒಳಗೆ ಏನೂ ತುಂಬದೆ ಪಂಪ್ ಓಡಿಸಿದಾಗಿನದು. ಸ್ಪಾಂಜ್, ಸೆರಾಮಿಕ್ ತುಂಬಿ, ನೀರು ಪೈಪಿನಲ್ಲಿ ಮೇಲೇರಿ, ಕೆಲವು ವಾರ ಕಸ ಕೂತ ಮೇಲೆ ಹರಿವು ಅದಕ್ಕಿಂತ ಬಹಳ ಕಡಿಮೆ. ಟ್ಯಾಂಕಿನ ನೀರು ಗಂಟೆಗೆ ನಾಲ್ಕೈದು ಸಲ ಸುತ್ತಬೇಕು ಅನ್ನುವ ಲೆಕ್ಕ ಒಂದು ಅಂದಾಜಿಗೆ ಸಾಕು, ಅಷ್ಟೇ. ಇಪ್ಪತ್ತು ಪುಟ್ಟ ನಿಯಾನ್ ಟೆಟ್ರಾ ಮೀನು ಇರುವ ನೀರಿಗೂ ಎರಡು ದೊಡ್ಡ ಆಸ್ಕರ್ ಮೀನು ಇರುವ ನೀರಿಗೂ ಒಂದೇ ಫಿಲ್ಟರ್ ಹೊಂದುವುದಿಲ್ಲ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಸ್ಪಾಂಜು, ಕಲ್ಲುಗಳ ಮೈಗೆ ಅಂಟಿಕೊಂಡ ಸೂಕ್ಷ್ಮಾಣುಗಳು ಅದನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ಈ ಕೆಲಸಕ್ಕೆ ಅವಕ್ಕೆ ಆಮ್ಲಜನಕ ಬೇಕು. ನಿಮ್ಮ ನೀರಿನ ಪಿಎಚ್ ಎಷ್ಟಿದೆ ಅನ್ನುವುದನ್ನೂ ನೋಡಿಕೊಳ್ಳಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ಹೆಚ್ಚು ವಿಷಕಾರಿ ರೂಪದ್ದು ಶೇ. 1ಕ್ಕಿಂತ ಕಡಿಮೆ, ಪಿಎಚ್ 8 ಆದರೆ ಸುಮಾರು ಶೇ. 5.

ಹೆಚ್ಚಿನವರು ತಪ್ಪುವುದು ಇಲ್ಲಿ: ಫಿಲ್ಟರಿಗೆ ಹೋದ ಕಸ ಟ್ಯಾಂಕಿನಿಂದ ಹೋಯಿತು ಅಂದುಕೊಳ್ಳುತ್ತಾರೆ. ಅದು ಎಲ್ಲಿಗೂ ಹೋಗಿಲ್ಲ. ಅದೇ ನೀರಿನ ದಾರಿಯಲ್ಲಿ, ಕಣ್ಣಿಗೆ ಕಾಣದ ಕಡೆ ಕೂತು ಕೊಳೆಯುತ್ತಿರುತ್ತದೆ, ಸೂಕ್ಷ್ಮಾಣುಗಳಿಗೆ ಬೇಕಾದ ಆಮ್ಲಜನಕವನ್ನೂ ತಿನ್ನುತ್ತಿರುತ್ತದೆ. ಅದನ್ನು ಹೊರಗೆ ತೆಗೆಯುವುದು ನಿಮ್ಮ ಕೈ. ಹಾಗಾಗಿ ಕೈಗೆ ಸಲೀಸಾಗಿ ಸಿಗುವ ಫಿಲ್ಟರೇ ಒಳ್ಳೆಯ ಫಿಲ್ಟರ್.

ಕ್ಯಾನಿಸ್ಟರ್, ಅಂದರೆ ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್, ಅಷ್ಟಾಗಿ ಸದ್ದು ಮಾಡುವುದಿಲ್ಲ, ಸ್ಟ್ಯಾಂಡಿನೊಳಗೆ ಅಡಗುತ್ತದೆ. ಟ್ಯಾಂಕಿನಲ್ಲಿ ಗಿಡ ಬೆಳೆಸಿ, ಅವಕ್ಕೆಂದು ನೀರಿಗೆ ಇಂಗಾಲದ ಡೈ ಆಕ್ಸೈಡ್ ಬಿಡುವವರಿಗೆ ಅದೇ ಸರಿ, ಗ್ಯಾಸ್ ಅಷ್ಟು ಬೇಗ ಹಾರಿಹೋಗುವುದಿಲ್ಲ. ಆದರೆ ತೊಳೆಯಬೇಕೆಂದರೆ ಎರಡು ವಾಲ್ವ್ ಮುಚ್ಚಿ, ಪೈಪ್ ಬಿಚ್ಚಿ, ನೀರು ತುಂಬಿದ ಭಾರದ ಡಬ್ಬಿಯನ್ನು ಬಚ್ಚಲಿಗೆ ಹೊತ್ತು, ರಬ್ಬರ್ ರಿಂಗ್ ಒರೆಸಿ ಮತ್ತೆ ಕೂರಿಸಬೇಕು. ಮುಂದಿನ ವಾರ, ಮುಂದಿನ ವಾರ ಅನ್ನುತ್ತಾ ತಿಂಗಳುಗಳು ಉರುಳುತ್ತವೆ. ಮುಚ್ಚಳ ತೆಗೆದಾಗ ಕಂದು ಬಣ್ಣದ ರಾಡಿ. ಕ್ಯಾನಿಸ್ಟರೇ ಬೇಕಿದ್ದರೆ ಒಂದು ದೊಡ್ಡದರ ಬದಲು ಮಧ್ಯಮ ಗಾತ್ರದ ಎರಡು ಹಾಕಿ, ಒಂದು ಸಲ ಒಂದನ್ನು ತೊಳೆಯಿರಿ. ನೀರೆಳೆಯುವ ಪೈಪಿನ ಬಾಯಿಗೆ ಒರಟು ಸ್ಪಾಂಜ್ ತೊಡಿಸಿದರೆ ಅರ್ಧ ಕಸ ಅಲ್ಲೇ ನಿಲ್ಲುತ್ತದೆ.

400 ಲೀಟರ್ ದಾಟಿದ ಟ್ಯಾಂಕಿಗೆ, ಗಿಡಗಳೇ ಮುಖ್ಯವಲ್ಲದಿದ್ದರೆ, ನನ್ನ ಮತ ‘ಸಂಪ್’ ಫಿಲ್ಟರಿಗೆ: ಟ್ಯಾಂಕಿನ ಕೆಳಗೆ ಸ್ಟ್ಯಾಂಡಿನೊಳಗೆ ಇಡುವ ಇನ್ನೊಂದು ತೊಟ್ಟಿ; ಮೇಲಿನ ನೀರು ಪೈಪಿನಲ್ಲಿ ಅದಕ್ಕೆ ಇಳಿದು, ಸೋಸಿಕೊಂಡು, ಪಂಪಿನಿಂದ ಮತ್ತೆ ಮೇಲೇರುತ್ತದೆ. ಮೇಲಿನ ಹಂತದ ಹತ್ತಿಯನ್ನು ಎರಡು ನಿಮಿಷದಲ್ಲಿ ಬದಲಿಸಬಹುದು. ನೀರಿನ ಮೇಲೆ ಕಟ್ಟುವ ಜಿಡ್ಡಿನ ಪದರ ತಾನಾಗಿ ಇಳಿದುಹೋಗುತ್ತದೆ, ಹೀಟರೂ ಕೆಳಗೇ ಇರುತ್ತದೆ.

ಸಂಪ್ ಹಾಕುವವರು ಒಂದು ಲೆಕ್ಕ ತಪ್ಪದೆ ಮಾಡಬೇಕು. ಕರೆಂಟ್ ಹೋಗಿ ಪಂಪ್ ನಿಂತರೆ, ನೀರು ಮೇಲೆ ಹೋಗುವ ಪೈಪಿನಲ್ಲೇ ವಾಪಸ್ ಇಳಿಯಲು ಶುರುವಾಗುತ್ತದೆ. 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಟ್ಯಾಂಕಿನಲ್ಲಿ ಒಂದು ಸೆಂ.ಮೀ. ನೀರು ಅಂದರೆ 10.8 ಲೀಟರ್. ಪೈಪಿನ ಬಾಯಿ ನೀರಿನೊಳಗೆ ಐದು ಸೆಂ.ಮೀ. ಮುಳುಗಿದ್ದರೆ 54 ಲೀಟರ್ ಕೆಳಗಿಳಿಯುತ್ತದೆ. ಸಂಪಿನಲ್ಲಿ ಅಷ್ಟು ಜಾಗ ಖಾಲಿ ಇಲ್ಲದಿದ್ದರೆ ನೀರು ನೆಲದ ಮೇಲೆ. ಪೈಪಿನಲ್ಲಿ ನೀರಿನ ಮಟ್ಟದ ತುಸು ಕೆಳಗೆ ಸಣ್ಣ ತೂತು ಕೊರೆದರೆ ಗಾಳಿ ಸೇರಿ ಸೈಫನ್ (ನೀರು ತಾನಾಗಿ ಕೆಳಗೆ ಎಳೆದುಕೊಂಡು ಹೋಗುವುದು) ಮುರಿಯುತ್ತದೆ. ಅದರಲ್ಲಿ ಪಾಚಿ ಕಟ್ಟದಂತೆ ನೋಡಿಕೊಳ್ಳಿ. ನೀರು ವಾಪಸ್ ಬಾರದಂತೆ ತಡೆಯುವ ಚೆಕ್ ವಾಲ್ವೊಂದನ್ನೇ ನೆಚ್ಚಬೇಡಿ, ಒಂದು ಪುಟ್ಟ ಬಸವನಹುಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ನೀರಿಳಿಯುವ ಪೈಪ್ ಕಟ್ಟಿಕೊಂಡರೆ ಅಂತ ಇನ್ನೊಂದು ಪೈಪ್ ಇಡಿ. ಮೀನು ಬಿಡುವ ಮೊದಲು ಪಂಪ್ ಆರಿಸಿ, ನೀರು ಎಲ್ಲಿಗೆ ನಿಲ್ಲುತ್ತದೆ ಅಂತ ಕಣ್ಣಾರೆ ನೋಡಿ.

ಕರೆಂಟ್ ಹೋದಾಗ ಮುಚ್ಚಿದ ಕ್ಯಾನಿಸ್ಟರಿನದು ಬೇರೆ ತೊಂದರೆ. ಒಳಗಿನ ಆಮ್ಲಜನಕ ಮುಗಿದು ಸೂಕ್ಷ್ಮಾಣುಗಳು ಸಾಯತೊಡಗುತ್ತವೆ. ತಾಸುಗಟ್ಟಲೆ ನಿಂತ ಫಿಲ್ಟರನ್ನು ನೇರವಾಗಿ ಚಾಲೂ ಮಾಡಬೇಡಿ. ಬಿಚ್ಚಿ ಒಳಗಿನ ನೀರು ಚೆಲ್ಲಿ, ಮೀಡಿಯಾ (ಒಳಗೆ ತುಂಬಿದ ಸ್ಪಾಂಜ್, ಸೆರಾಮಿಕ್) ಜಾಲಾಡಿ, ಆಮೇಲೆ ಹಚ್ಚಿ. ದೊಡ್ಡ ಟ್ಯಾಂಕಿನ ಮೂಲೆಯಲ್ಲಿ ಒಂದು ಸ್ಪಾಂಜ್ ಫಿಲ್ಟರ್, ಜೊತೆಗೆ ಅದನ್ನು ಗಾಳಿಯಿಂದ ನಡೆಸಲು ಬ್ಯಾಟರಿಯ ಏರ್ ಪಂಪ್ ಇರಲೇಬೇಕು ಅನ್ನುವುದು ಇದಕ್ಕೇ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುವುದನ್ನು ನೋಡುತ್ತಾ ಕೂರುವ ಕಷ್ಟ ಯಾರಿಗೂ ಬೇಡ.

ಮೀಡಿಯಾಕ್ಕೆ ವಿಪರೀತ ಹಣ ಸುರಿಯಬೇಡಿ. ಒರಟು ಸ್ಪಾಂಜ್ ಕಸವನ್ನೂ ಹಿಡಿಯುತ್ತದೆ, ಸೂಕ್ಷ್ಮಾಣುಗಳಿಗೂ ಜಾಗ ಕೊಡುತ್ತದೆ. ಇದ್ದಿಲು (ಆಕ್ಟಿವೇಟೆಡ್ ಕಾರ್ಬನ್) ಹಾಕುವುದು, ಔಷಧಿಯ ಉಳಿಕೆ ಅಥವಾ ನೀರಿನ ಹಳದಿ ಬಣ್ಣ ತೆಗೆಯುವಾಗ ಮಾತ್ರ ಸಾಕು. ಯುವಿ ಲೈಟ್ ಹಸಿರು ನೀರನ್ನು ತಿಳಿಯಾಗಿಸುತ್ತದೆ, ಅಮೋನಿಯಾಕ್ಕೆ ಅದು ಏನೂ ಮಾಡದು. ನೈಟ್ರೇಟ್ ಇಳಿಯುವುದು ಮುಖ್ಯವಾಗಿ ನೀರು ಬದಲಿಸಿದಾಗ. ಸ್ಪಾಂಜನ್ನು ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆಯದೆ, ಟ್ಯಾಂಕಿನಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಹಿಂಡಿ.

ಸ್ಟ್ಯಾಂಡ್ ಮಾಡಿಸುವ ಮುನ್ನ ಬಡಗಿಗೆ ಎರಡು ಮಾತು ಹೇಳಿ: ಸಂಪನ್ನು ಹಾಗೇ ಹೊರಗೆ ಎಳೆಯುವಷ್ಟು ಬಾಗಿಲು ಅಗಲವಿರಲಿ, ಸಂಪಿನ ಮೇಲೆ ಮೊಣಕೈ ಆಡುವಷ್ಟು ಎತ್ತರ ಬಿಡಿ.