ಮುಖ ಆಮೇಲೆ, ಮೊದಲು ತೋಳು ನೋಡಿ

ಸೈನ್ಯದಲ್ಲಿದ್ದ ಮನೆಯ ಹಿರಿಯರ ಹಳೇ ಫೋಟೋವನ್ನು ಗುರುತಿಸಿಕೊಡಿ ಅಂತ ನನಗೆ ಕಳಿಸುವವರಲ್ಲಿ ಎಷ್ಟೋ ಜನ ಮುಖವನ್ನಷ್ಟೇ ಕತ್ತರಿಸಿ ಕಳಿಸುತ್ತಾರೆ. ಜೊತೆಗೆ ಒಂದು ಪ್ರಶ್ನೆ: 'ಇವರು ನಮ್ಮ ಮುತ್ತಜ್ಜ. ಯಾವ ರೆಜಿಮೆಂಟು ಅಂತ ಹೇಳ್ತೀರಾ ಸರ್?' ಮುಖ ನೋಡಿ ರೆಜಿಮೆಂಟು ಹೇಳೋದು ಆಗದ ಮಾತು. ನೀವು ಕತ್ತರಿಸಿ ಬಿಟ್ಟಿರಲ್ಲ, ಆ ತೋಳು, ಆ ಕಾಲು, ಆ ಗುಂಡಿಗಳೇ ನನಗೆ ಬೇಕಾಗಿರುವುದು.

ಬಣ್ಣವನ್ನಂತೂ ನಂಬಲೇಬೇಡಿ. 1920ರ ದಶಕದವರೆಗೆ ಹೆಚ್ಚಾಗಿ ಬಳಸುತ್ತಿದ್ದ ಪ್ಲೇಟು, ಫಿಲ್ಮುಗಳಿಗೆ ಕೆಂಪು ಬಣ್ಣ ಹಿಡಿಯುವ ಶಕ್ತಿಯೇ ಇರಲಿಲ್ಲ. ಕೆಂಪು ಕೋಟು ಕಪ್ಪಾಗಿ ಬರುತ್ತಿತ್ತು, ನೀಲಿ ಬಟ್ಟೆ ಬೆಳ್ಳಗಾಗುತ್ತಿತ್ತು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕನೊಬ್ಬ ಪೈಜಾಮದಂಥ ತಿಳಿ ಬಣ್ಣದ ಸೂಟು, ಬಿಳಿ ಶರ್ಟು, ಕಪ್ಪು ಟೈ ಹಾಕಿ ನಿಂತಿದ್ದರೆ ಅದು ಮನೆ ಉಡುಪಲ್ಲ. ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದವರಿಗೆ ಕೊಡುತ್ತಿದ್ದ ನೀಲಿ ಸೂಟು ಅದು. ಟೈ ನಿಜವಾಗಿ ಕೆಂಪು.

ಈಗ ತೋಳಿಗೆ ಬನ್ನಿ. ಬ್ರಿಟಿಷ್ ಸೈನ್ಯದ ಫೋಟೋ ಅಂತಿಟ್ಟುಕೊಳ್ಳಿ. ಮೇಲ್ತೋಳಿನ V ಆಕಾರದ ಪಟ್ಟಿಯ ಚೂಪು ಕೆಳಮುಖವಾಗಿದ್ದರೆ ಅದು ದರ್ಜೆ. ಸಾಮಾನ್ಯವಾಗಿ ಎರಡಿದ್ದರೆ ಕಾರ್ಪೊರಲ್, ಮೂರಿದ್ದರೆ ಸಾರ್ಜೆಂಟ್. ಅಂಥದ್ದೇ ಪಟ್ಟಿ ಎಡಗೈಯಲ್ಲಿ ಮೊಣಕೈಗಿಂತ ಕೆಳಗೆ, ಚೂಪು ಮೇಲಾಗಿ ಇದ್ದರೆ ಅದು ದರ್ಜೆಯೇ ಅಲ್ಲ, ವರ್ಷಗಟ್ಟಲೆ ಶಿಸ್ತಾಗಿ ನಡೆದುಕೊಂಡಿದ್ದಕ್ಕೆ ಸಿಕ್ಕಿದ್ದು. ಇದನ್ನು ನೋಡಿಯೇ ಎಷ್ಟೋ ಮನೆಯವರು ಸಾಮಾನ್ಯ ಸಿಪಾಯಿಯನ್ನು ಸಾರ್ಜೆಂಟ್ ಮಾಡಿಬಿಟ್ಟಿರುತ್ತಾರೆ!

ಅದೇ ಎಡಗೈಯ ಪಟ್ಟಿಯ ಹತ್ತಿರ ಸಣ್ಣದೊಂದು ನೆಟ್ಟನೆ ಗೆರೆ ಇದೆಯಾ? ಅದು ಗಾಯದ ಗುರುತು. ಇದು ಬಂದಿದ್ದು 1916ರಲ್ಲಿ, ಅಂದಮೇಲೆ ಫೋಟೋ ಅದಕ್ಕಿಂತ ಹಿಂದಿನದಲ್ಲ. ಬಲಗೈಯ ಕೆಳಭಾಗದಲ್ಲಿ ಪುಟ್ಟ ಪಟ್ಟಿಗಳಿದ್ದರೆ ಹೊರದೇಶದಲ್ಲಿ ಮಾಡಿದ ಸೇವೆಯ ಲೆಕ್ಕ. ಅವು ತೋಳಿಗೆ ಬಂದಿದ್ದು 1918ರಲ್ಲಿ. ರೆಜಿಮೆಂಟು ಗೊತ್ತಾಗದಿದ್ದರೂ ಫೋಟೋದ ಕಾಲ ಸಿಕ್ಕಿತು ಅಲ್ವಾ?

ಆದರೆ ದೇಶ ಯಾವುದು ಅನ್ನೋದು ಮೊದಲು ಖಚಿತವಾಗಬೇಕು. ಅಮೆರಿಕದ ಸೈನ್ಯದಲ್ಲಿ ಮೊದಲ ಮಹಾಯುದ್ಧದ ಹೊತ್ತಿಗೆ ದರ್ಜೆಯ ಪಟ್ಟಿಯೇ ಮೇಲ್ಮುಖ. ಅಲ್ಲಿ ಹೊರದೇಶದ ಸೇವೆಯ ಗುರುತು ಎಡಗೈಯಲ್ಲಿ, ಗಾಯದ್ದು ಬಲಗೈಯಲ್ಲಿ, ಪೂರಾ ಉಲ್ಟಾ. ಇನ್ನೊಂದು ತೊಡಕಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಜನಪ್ರಿಯವಾಗಿದ್ದ ತಗಡಿನ ಫೋಟೋಗಳಲ್ಲಿ ಎಡ ಬಲವೇ ಅದಲು ಬದಲು. ಬೆಲ್ಟಿನ ಬಕಲ್ ಮೇಲಿನ ಅಕ್ಷರ ತಿರುಗಾಮುರುಗಾ ಆಗಿದೆಯಾ ನೋಡಿ. ಅಕ್ಷರ ಕಾಣದಿದ್ದರೆ ಗುಂಡಿ ಸಾಲು ನೋಡಿ. ಗಂಡಸರ ಕೋಟಿನಲ್ಲಿ ಎಡಭಾಗ ಬಲಭಾಗದ ಮೇಲೆ ಬರುತ್ತದೆ.

ನನಗೆ ಬಹಳ ಇಷ್ಟವಾದದ್ದು ಮೊಣಕಾಲಿನ ಕೆಳಗೆ ಸುತ್ತುತ್ತಿದ್ದ ಬಟ್ಟೆಯ ಪಟ್ಟಿ. ಬ್ರಿಟಿಷ್ ಕಾಲಾಳುಗಳು ಅದನ್ನು ಪಾದದ ಗಂಟಿನಿಂದ ಮೇಲಕ್ಕೆ ಸುತ್ತುತ್ತಿದ್ದರು, ಕಟ್ಟುವ ಲಾಡಿ ಮಂಡಿಯ ಕೆಳಗೆ ಬರುತ್ತಿತ್ತು. ಕುದುರೆ ಏರುವವರು ಮೇಲಿನಿಂದ ಕೆಳಕ್ಕೆ ಸುತ್ತಿ ಲಾಡಿಯನ್ನು ಪಾದದ ಗಂಟಿನ ಹತ್ತಿರ ಕಟ್ಟುತ್ತಿದ್ದರು. ಟೋಪಿಯ ಬಿಲ್ಲೆ ಮಸುಕಾಗಿದ್ದರೂ ಲಾಡಿ ಎಲ್ಲಿದೆ ಅಂತ ಕಂಡರೆ ಅರ್ಧ ಕೆಲಸ ಆದಂತೆ. ಜೊತೆಗೆ ಎದೆಗೆ ಅಡ್ಡಲಾಗಿ ಚರ್ಮದ ಗುಂಡಿನ ಪಟ್ಟಿ, ಬೂಟಿಗೆ ಕುದುರೆ ತಿವಿಯುವ ಮುಳ್ಳು ಇದ್ದರೆ ಅಶ್ವದಳವೋ, ಫಿರಂಗಿ ದಳವೋ, ಸಾಗಣೆ ದಳವೋ ಅನ್ನುವಲ್ಲಿಗೆ ಬಂದಿರಿ.

ಬಿಲ್ಲೆ ಸ್ಪಷ್ಟವಾಗಿದ್ದರೆ ಅದರ ಮೇಲಿನ ಕಿರೀಟ ಗಮನಿಸಿ. 1901ರಿಂದ 1950ರ ದಶಕದ ಆರಂಭದವರೆಗೆ ಕಮಾನು ದುಂಡಗೆ ಉಬ್ಬಿರುತ್ತದೆ. ಎರಡನೇ ಎಲಿಜಬೆತ್ ರಾಣಿಯ ಕಾಲದಲ್ಲಿ ನಡು ತಗ್ಗಿದ ಕಿರೀಟ ಬಂತು.

ಮೊಬೈಲಿನಲ್ಲಿ ಎಐ ಹಾಕಿ ಫೋಟೋ ಚೊಕ್ಕ ಮಾಡಿ ಕಳಿಸುವ ಹೊಸ ಚಾಳಿ ಶುರುವಾಗಿದೆ. ದಯವಿಟ್ಟು ಬೇಡ. ಮಸುಕಾದ ಬಿಲ್ಲೆಯಲ್ಲಿ ಏನಿತ್ತು ಅಂತ ಅದಕ್ಕೆ ಗೊತ್ತಿಲ್ಲ, ಸುಮ್ನೆ ಏನೋ ಒಂದು ಬಿಡಿಸಿಡುತ್ತದೆ. ಖಾಕಿಗೆ ಹಸಿರು ಬಳಿದು ಕೊಡುವುದೂ ಉಂಟು. ಅದರ ಬದಲು ಫೋಟೋವನ್ನು ಚೌಕಟ್ಟಿನಿಂದ ಹುಷಾರಾಗಿ ತೆಗೆದು, ಹಿಂದೆ ಮುಂದೆ ಎರಡನ್ನೂ 1200 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ಹಿಂಬದಿಯ ಸ್ಟುಡಿಯೋ ಹೆಸರು, ಊರು ಎಷ್ಟೋ ಸಲ ಯೂನಿಫಾರ್ಮಿಗಿಂತ ಜಾಸ್ತಿ ಹೇಳುತ್ತವೆ. ಫೋಟೋ ಚೌಕಟ್ಟಿಗೆ ಅಂಟಿಕೊಂಡಿದ್ದರೆ ಮಾತ್ರ ಎಳೆಯಬೇಡಿ.

ದಾಖಲೆ ಹುಡುಕಿದರೆ ಸಾಲದೇ ಅಂತ ಕೇಳಬಹುದು. ಮೊದಲ ಮಹಾಯುದ್ಧದ ಬ್ರಿಟಿಷ್ ಸೈನಿಕರ ಕಡತಗಳಲ್ಲಿ ಹೆಚ್ಚಿನವು 1940ರ ಬಾಂಬ್ ದಾಳಿಯಲ್ಲಿ ಸುಟ್ಟುಹೋದವು. ಅಮೆರಿಕದಲ್ಲಿ 1973ರಲ್ಲಿ ಸೇಂಟ್ ಲೂಯಿಸ್ ಊರಿನ ದಾಖಲಾಗಾರಕ್ಕೆ ಬಿದ್ದ ಬೆಂಕಿಗೆ ಸೈನಿಕರ 1.6 ಕೋಟಿಗೂ ಹೆಚ್ಚು ಕಡತಗಳು ಬಲಿಯಾದವು. ಹಾಗಾಗಿ ಮನೆಯಲ್ಲಿ ಪದಕ ಏನಾದರೂ ಉಳಿದಿದೆಯಾ ನೋಡಿ. ಮೊದಲ ಮಹಾಯುದ್ಧದ ಬ್ರಿಟಿಷ್ ಬೆಳ್ಳಿ ಪದಕದ ಅಂಚಿನಲ್ಲಿ ಸೈನಿಕನ ನಂಬರು, ಹೆಸರು, ದಳ ಒತ್ತಿರುತ್ತಾರೆ. ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿರುತ್ತದೆ. ಹೊಳೆಯಲಿ ಅಂತ ಪಾಲಿಶ್ ಹಾಕಿ ಉಜ್ಜಲು ಹೋಗಬೇಡಿ, ಅಕ್ಷರ ಸವೆಯುತ್ತದೆ. ಲೈಟನ್ನು ಒಂದು ಪಕ್ಕದಿಂದ ಬಿಟ್ಟು ಓದಿಕೊಳ್ಳಿ.